ಗಂಜಿ ಉಂಡವರ ಪಟ್ಟಿ

ನನ್ನ ಕೆಲಸ ಪ್ರಶ್ನೆ ಬರೆಯುವುದು. ಆರೋಗ್ಯ ಸಮೀಕ್ಷೆಯ ಫಾರ್ಮು ಹಿಡಿದು ಮನೆಮನೆಗೆ ಬರುವವರು ಓದಿ ಕೇಳುತ್ತಾರಲ್ಲ, ಯಾರಿಗಾದರೂ ಜ್ವರ ಬಂದಿತ್ತೆ, ಎಷ್ಟು ದಿನ ಇತ್ತು ಎಂದು, ಆ ಸಾಲುಗಳನ್ನು ಯಾರೋ ಒಬ್ಬರು ಕೂತು ಬರೆದಿರುತ್ತಾರೆ. ಕಾರವಾರ, ಅಂಕೋಲಾದ ಕಡೆ ಎರಡು ಸಾವಿರದ ಇಸವಿಯ ನಂತರದ ಕೆಲವು ವರ್ಷ ಹಾಗೆ ಬರೆದವಳು ನಾನು. ಹೊಗಳಿದವರು ಕಡಿಮೆ. ಬೈದವರ ಲೆಕ್ಕ ಇಟ್ಟಿಲ್ಲ. ಆ ಪ್ರಶ್ನೆಗಳಲ್ಲಿ ಒಂದು ಮಾತ್ರ ನನ್ನನ್ನು ಬಿಡದೆ ಕಾಡಿತು. ಅದು ಫಾರ್ಮಿನ ಮೊಟ್ಟಮೊದಲ ಪ್ರಶ್ನೆ: ಈ ಮನೆಯಲ್ಲಿ ಎಷ್ಟು ಜನ ಇದ್ದೀರಿ?

ಇದರಲ್ಲಿ ಕಷ್ಟವೇನಿದೆ ಎಂದು ಯಾರಿಗಾದರೂ ಅನ್ನಿಸಬೇಕು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ನಾನು ಗಂಡನ ಮನೆ ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ಕಾರವಾರದ ಹಬ್ಬುವಾಡಕ್ಕೆ, ಅಣ್ಣನ ಮನೆಗೆ ಬಂದಾಗ ನನಗೆ ಇಪ್ಪತ್ತೊಂಬತ್ತು. ಘಟ್ಟದ ಮೇಲಿನ ಆ ಊರಿನಲ್ಲಿ ನನ್ನ ಗಂಡನಿಗೆ ಮೊದಲೇ ಇನ್ನೊಂದು ಸಂಸಾರವಿತ್ತು. ಅದು ಗೊತ್ತಾದ ಮೇಲೆ ಅಲ್ಲಿರಲು ನನ್ನಿಂದ ಆಗಲಿಲ್ಲ. ಬಂದ ದಿನವೇ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ವಿಚಾರಿಸಿದಳು. ಆಯಿ, ಅಂದರೆ ನನ್ನ ತಾಯಿ, ಬಟ್ಟೆ ಹಿಂಡುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಮಗಳು ಬಂದದೆ. ನಾಕ್ ದಿನ ಇರ್ತದೆ."

ಆ ನಾಲ್ಕು ದಿನ ಮುಗಿಯಲೇ ಇಲ್ಲ. ಒಂದು ಮಳೆಗಾಲ ಹೋಯಿತು, ಎರಡು ಹೋದವು, ಆಯಿಯ ಉತ್ತರ ಮಾತ್ರ ಅದೇ. ನಮ್ಮ ಕಡೆ ಮದುವೆಯಾದ ಮಗಳು ತವರಿನಲ್ಲಿ ಇರುವುದಿಲ್ಲ, ಬಂದಿರುತ್ತಾಳೆ. ಹತ್ತು ವರ್ಷವಾದರೂ ಬಂದೇ ಇರುತ್ತಾಳೆ. ನನಗೆ ಕೊಟ್ಟದ್ದು ಅಡುಗೆಮನೆಗೆ ತಾಗಿದ ಸಣ್ಣ ಕೋಣೆ. ಅಲ್ಲಿ ಮೊದಲೇ ತೆಂಗಿನಕಾಯಿ ರಾಶಿ, ಅಕ್ಕಿಯ ದೊಡ್ಡ ಡಬ್ಬ, ಮಳೆಗಾಲಕ್ಕೆಂದು ಕಟ್ಟಿಟ್ಟ ಒಣಮೀನು ಇದ್ದವು. ಅವುಗಳ ನಡುವೆ ನನ್ನ ಮಂಚ, ಮಂಚದ ಕೆಳಗೆ ಸೂಟ್‌ಕೇಸ್. ಬಟ್ಟೆ ಇಡಲು ಒಂದು ಕಪಾಟು ಬೇಕಿತ್ತು ಎಂದು ಒಮ್ಮೆ ಅಣ್ಣನಿಗೆ ಹೇಳಿದೆ. "ಕಪಾಟು ಎಂತಕ್ಕೆ ಈಗ" ಎಂದ. ಅಣ್ಣ ಕೆಟ್ಟವನಲ್ಲ. ಕಪಾಟು ಮಾಡಿಸಿದರೆ ತಂಗಿ ಇಲ್ಲೇ ಉಳಿದಳು ಎಂದು ಒಪ್ಪಿಕೊಂಡ ಹಾಗೆ ಎಂಬುದು ಅವನ ಹೆದರಿಕೆ. ರೇಷನ್ ಕಾರ್ಡಿನಿಂದ ನನ್ನ ಹೆಸರನ್ನು ಮದುವೆಯ ವರ್ಷವೇ ತೆಗೆಸಿದ್ದರು. ಗಂಡನ ಮನೆಯ ಕಾರ್ಡಿನಲ್ಲಿ ನಾನಿನ್ನೂ ಇದ್ದೆ, ಅಲ್ಲಿಯ ಸಕ್ಕರೆ ಯಾರ ಚಹಾಕ್ಕೆ ಬೀಳುತ್ತಿತ್ತೋ ದೇವರಿಗೇ ಗೊತ್ತು. ಹಳದಿ ಕುಂಕುಮಕ್ಕೆ ಹೆಂಗಸರು ಬಂದಾಗ ವೈನಿ, ಅಣ್ಣನ ಹೆಂಡತಿ, ನನ್ನನ್ನು ಒಳಗೆ ಕಾಯಿ ತುರಿಯಲು ಕೂರಿಸುತ್ತಿದ್ದಳು. ಅವಳೂ ಕೆಟ್ಟವಳಲ್ಲ. ಒಳ್ಳೆಯವರ ನಡುವೆ ಸಿಕ್ಕಿಬಿದ್ದರೆ ಜಗಳಕ್ಕೂ ಜಾಗ ಇರುವುದಿಲ್ಲ.

ಸಮೀಕ್ಷೆಯ ಕೆಲಸ ಸಿಕ್ಕಿದ್ದು ಬಂದ ಮರುವರ್ಷ. ಮನೆಯಿಂದ ಹೊರಬೀಳಲು ಒಂದು ಕಾರಣ ಬೇಕಿತ್ತು, ಹಿಡಿದುಕೊಂಡೆ. ಮೊದಲು ನಾನೂ ಫಾರ್ಮು ಹಿಡಿದು ಬಿಸಿಲಲ್ಲಿ ತಿರುಗಿದವಳೇ. ದೊಡ್ಡ ಊರಿನಿಂದ ಬರುತ್ತಿದ್ದ ಫಾರ್ಮುಗಳು ಕನ್ನಡದಲ್ಲೇ ಇದ್ದವು, ಆದರೆ ಆ ಕನ್ನಡ ಯಾರ ಬಾಯಲ್ಲೂ ಆಡಿದ್ದಲ್ಲ. "ತಾವು ದೀರ್ಘಕಾಲೀನ ವ್ಯಾಧಿಯಿಂದ ಬಳಲುತ್ತಿರುವಿರಾ" ಎಂದು ಅಂಕೋಲೆಯ ಒಬ್ಬ ಅಜ್ಜಿಗೆ ಓದಿ ಹೇಳಿದೆ. ಅವಳು ಸೊಂಟಕ್ಕೆ ಕೈಕೊಟ್ಟು ಏಳುತ್ತ, "ಅದೆಲ್ಲ ದೊಡ್ಡೋರ ಮನಿಗೆ ಬರೂದು ತಂಗಿ, ನಮ್ಗೆ ಎಲ್ಲಿಂದ" ಎಂದಳು. ಮೀನು ಮಾರಿ ಆಗಷ್ಟೇ ಬುಟ್ಟಿ ಇಳಿಸಿದ್ದ ಹೆಂಗಸಿಗೆ ನೀವು ಉದ್ಯೋಗ ಮಾಡುತ್ತೀರಾ ಎಂದರೆ, "ಇಲ್ಲ, ಮನೇಲೇ ಇರ್ತೆ" ಎನ್ನುತ್ತಿದ್ದಳು. ಇಂಥವನ್ನು ನೋಡಿ ನೋಡಿ ಸಿಟ್ಟು ಬಂದು, ಫಾರ್ಮಿನ ಬೆನ್ನಿಗೆ ನನ್ನದೇ ಪ್ರಶ್ನೆ ಬರೆಯತೊಡಗಿದೆ. ಕಾಯಿಲೆ ಇದೆಯೇ ಎನ್ನುವ ಬದಲು ಬಾವಿಯಿಂದ ಎಷ್ಟು ಕೊಡ ಸೇದಿದರೆ ಕೂರಬೇಕಾಗುತ್ತದೆ ಎಂದು ಕೇಳಿದೆ. ಉದ್ಯೋಗ ಎಂಬ ಮಾತು ಬಿಟ್ಟು, ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ ಎಂದೆ. ಉತ್ತರಗಳು ಬಂದವು. ನಮ್ಮ ಕಚೇರಿಯ ಸಾಹೇಬರು ತಿಂಗಳಿಗೊಮ್ಮೆ ಬಂದು ಹೋಗುವವರು. ಅವರು ಆ ಬೆನ್ನಿನ ಬರಹ ಓದಿ, ಮುಂದಿನ ವರ್ಷದಿಂದ ಪ್ರಶ್ನೆ ಬರೆಯುವ ಕೆಲಸವನ್ನೇ ನನಗೆ ಕೊಟ್ಟರು. ಹೊಸಬರಿಗೆ ತರಬೇತಿಯೂ ನನ್ನದೇ. ಅಲ್ಲಿ ನಾನು ಎಲ್ಲರಿಗೂ ಕಲಿಸುತ್ತಿದ್ದ ಮೊದಲ ನಿಯಮ ಒಂದು. ಮನೆಯವರು ಹೇಳಿದ್ದನ್ನು ಬರೆಯಬೇಕು, ನಿಮಗೆ ಕಂಡದ್ದನ್ನಲ್ಲ.

ಆ ನಿಯಮ ನನಗೇ ತಿರುಗಿಕೊಂಡದ್ದು ಅಂಕೋಲೆಯ ಹತ್ತಿರದ ಅವರ್ಸಾದಲ್ಲಿ.

ಅದು ಕೆಮ್ಮು, ಕ್ಷಯದ ಬಗ್ಗೆ ಮಾಡಿದ ಸಮೀಕ್ಷೆ. ಒಬ್ಬರು ರಜೆ ಹಾಕಿದ್ದರಿಂದ ಅವರ ಪಾಲಿನ ಮನೆಗಳಿಗೆ ನಾನೇ ಹೋಗಿದ್ದೆ. ಸಮುದ್ರದ ಕಡೆಯ ಒಂದು ಮನೆಯ ಜಗುಲಿಯಲ್ಲಿ ಮನೆಯೊಡತಿ, ಅರವತ್ತರ ಆಸುಪಾಸಿನವಳು, ಚಾಪೆಯ ಮೇಲೆ ಒಣಗಿದ ಸಿಗಡಿ ಆರಿಸುತ್ತ ಕೂತಿದ್ದಳು. ಎಷ್ಟು ಜನ ಎಂದು ಕೇಳಿದೆ.

"ನಾಕ್ ಜನ. ನಾನು, ನಮ್ಮನೆಯವ್ರು, ಮಗ, ಸೊಸಿ."

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇರುವವರು ಯಾರಾದರೂ ಇದ್ದಾರೆಯೇ ಎಂದೆ. ಇಲ್ಲ ಎಂದಳು. ಅವಳು ಇಲ್ಲ ಎನ್ನುವ ಹೊತ್ತಿಗೇ ಒಳಗೆ ಹಿತ್ತಿಲ ಕಡೆಯಿಂದ ಯಾರೋ ಕೆಮ್ಮಿದರು. ಒಂದು ಸಲವಲ್ಲ, ಬಿಟ್ಟೂ ಬಿಡದೆ, ಕೇಳುವವರ ಎದೆ ನೋಯುವಷ್ಟು. ನನ್ನ ಪೆನ್ನು ನಿಂತಿತು.

"ಅದು ಯಾರು?"

"ನಮ್ಮ ಹುಡ್ಗಿ. ಬಂದದೆ."

"ಯಾವಾಗ ಬಂದದ್ದು?"

"ದೀಪಾವಳಿಗೆ."

ಯಾವ ದೀಪಾವಳಿ ಎಂದು ಕೇಳಿದಾಗ ಸಿಗಡಿ ಆರಿಸುವ ಕೈ ನಿಧಾನವಾಯಿತು. ಮೂರು ದೀಪಾವಳಿಯ ಹಿಂದಿನದು ಅದು. ಆರು ತಿಂಗಳಿಗಿಂತ ಹೆಚ್ಚು ಕಾಲ ಇದ್ದವರನ್ನು ಮನೆಯವರೆಂದೇ ಬರೆಯಬಹುದು, ಹೆಸರು ಹೇಳಿ ಎಂದೆ. ಆಕೆ ಈಗ ನೇರವಾಗಿ ನನ್ನ ಮುಖ ನೋಡಿದಳು. ನನ್ನನ್ನು ಶಾಲೆಯ ಅಕ್ಕೋರು ಎಂದೇ ತಿಳಿದಿದ್ದಳು.

"ಬರಿಬೇಡಿ ಅಕ್ಕೋರೆ. ಕಾಗದದಾಗೆ ಬರ್ಕಂಡ್ರೆ ಕಡಿಗೆ ಅದು ಇಲ್ಲೇ ಆಯ್ತಲ್ರಾ. ನಾಳೆ ಗಂಡ ಕರಿಲಿಕ್ಕೆ ಬಂದ್ರೆ ಹೋಗ್ತದೆ ಅದು."

ಕಫ ಪರೀಕ್ಷೆಗಾದರೂ ಅಂಕೋಲೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಅಲ್ಲೂ ಊರು, ಮನೆ, ಯಜಮಾನನ ಹೆಸರು ಬರೆಸಬೇಕಲ್ಲ, ಗಂಡನ ಮನೆಗೆ ಹೋದ ಮೇಲೆ ಅವರೇ ತೋರಿಸಲಿ ಎಂದಳು. ಕಾಯಿಲೆ ಈ ಮನೆಯಲ್ಲಿ, ಔಷಧಿ ಆ ಮನೆಯಲ್ಲಿ. ನಡುವೆ ಆ ಹುಡುಗಿ ಹಿತ್ತಿಲಲ್ಲಿ.

ಆ ತಾಯಿಯ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅದು ನನ್ನ ಆಯಿಯದೇ ಮಾತು. ನಾನು ನಿಯಮ ಪಾಲಿಸಿದೆ. ಮನೆಯಲ್ಲಿರುವವರು ನಾಲ್ಕು, ಕೆಮ್ಮು ಇಲ್ಲ ಎಂದು ಬರೆದೆ. ಆ ಊರಿನ ನರ್ಸಿಗೆ ಕಿವಿಯಲ್ಲಿ ಒಂದು ಮಾತು ಹಾಕಬಹುದಿತ್ತು. ಫಾರ್ಮಿನ ಗುಟ್ಟು ಹೊರಗೆ ಹೇಳಬಾರದು ಎಂಬ ಇನ್ನೊಂದು ನಿಯಮ ನೆನಪಾಯಿತು, ಸುಮ್ಮನಾದೆ. ಹೆದರುಪುಕ್ಕಲರಿಗೆ ನಿಯಮಗಳು ಬೇಗ ನೆನಪಾಗುತ್ತವೆ. ಕಾರವಾರದ ಬಸ್ಸಿನಲ್ಲಿ ಕೂತಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮುಂದಿನ ತಿಂಗಳು ಅದೇ ಸಮೀಕ್ಷೆ ಹಬ್ಬುವಾಡಕ್ಕೆ ಬಂತು. ತುಂಬಿದ ಫಾರ್ಮುಗಳನ್ನು ನೋಡಿ ಸರಿಯಿದೆ ಎಂದು ಸಹಿ ಮಾಡುವುದು ನನ್ನ ಕೆಲಸ. ಕಟ್ಟು ಬಿಚ್ಚಿದರೆ ನಮ್ಮ ಮನೆಯ ಫಾರ್ಮು ಬಂತು. ಉತ್ತರ ಹೇಳಿದವರು, ಮನೆಯ ಯಜಮಾನನ ತಾಯಿ. ಮನೆಯಲ್ಲಿ ಇರುವವರು, ನಾಲ್ಕು. ಅಣ್ಣ, ವೈನಿ, ಅವರ ಮಗ, ಆಯಿ. ನಾನು ಎಲ್ಲೂ ಇರಲಿಲ್ಲ. ಗೊತ್ತಿದ್ದದ್ದೇ, ಆದರೂ ಗೊತ್ತಿರುವುದು ಬೇರೆ, ಕಾಗದದ ಮೇಲೆ ನೋಡುವುದು ಬೇರೆ. ಫಾರ್ಮು ತುಂಬಿದ್ದವಳು ಸುಂಕಸಾಳದ ಕಡೆಯವಳು, ಎರಡು ಮಕ್ಕಳ ತಾಯಿ. ಇದು ನನ್ನ ಮನೆ ಎಂದು ಅವಳಿಗೆ ಗೊತ್ತಿರಲಿಲ್ಲ. "ಎಂತಾದ್ರೂ ತಪ್ಪಾಗಿದ್ಯಾ ಅಕ್ಕಾ?" ಎಂದು ಕೇಳಿದಳು. ಇಲ್ಲ, ಎಲ್ಲ ಸರಿ ಇದೆ ಎಂದು ಹೇಳಿ ಕೆಳಗೆ ಸಹಿ ಹಾಕಿದೆ. ನಾನು ಆ ಮನೆಯಲ್ಲಿ ಇಲ್ಲ ಎನ್ನುವುದಕ್ಕೆ ನನ್ನದೇ ಸಾಕ್ಷಿ.

ಅಂದಿನಿಂದ ಆ ಮೊದಲ ಪ್ರಶ್ನೆಯ ಬೆನ್ನು ಹತ್ತಿದೆ. ತವರಿಗೆ ಬಂದು ಉಳಿದವರು ನಾವಿಬ್ಬರೇ ಆಗಿರಲಾರೆವು. ಹಿತ್ತಿಲಲ್ಲಿ, ಉಗ್ರಾಣದಲ್ಲಿ ಎಷ್ಟು ಜನ ಕೆಮ್ಮುತ್ತ ಕೂತಿದ್ದಾರೋ. ಮನೆಗೆ ಬಂದವರನ್ನೂ ಸೇರಿಸಿ ಹೇಳಿ ಎಂದು ಕೇಳಿ ನೋಡಿದೆ, ಮುಂಬೈಯಿಂದ ಬಂದ ಮಾವನ ಹೆಸರು ಹೇಳಿದರು, ಮಗಳ ಹೆಸರು ಹೇಳಲಿಲ್ಲ. ಮದುವೆಯಾದ ಹೆಣ್ಣುಮಕ್ಕಳು ಯಾರಾದರೂ ಇಲ್ಲಿದ್ದಾರೆಯೇ ಎಂದು ಸುಂಕಸಾಳದಲ್ಲಿ ಕೇಳಿದೆ. ಒಬ್ಬಾಕೆ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಯಾರಿದ್ದಾರೆ ಮೊದಲು ಹೇಳಿ ಎಂದಳು. ಹೇಳಲಿಲ್ಲ. ಮುಂದಿನ ಮನೆಗೆ ಹೋದೆ.

ಉತ್ತರ ಸಿಕ್ಕಿದ್ದು ನನ್ನ ಕೋಣೆಯಲ್ಲೇ. ಒಂದು ರವಿವಾರ ಬೆಳಿಗ್ಗೆ ವೈನಿ ಗಂಜಿಗೆ ಅಕ್ಕಿ ಅಳೆಯಲು ಒಳಗೆ ಬಂದಳು. ಡಬ್ಬ ಇದ್ದದ್ದು ನನ್ನ ತಲೆಯ ಹತ್ತಿರ. ಅಲ್ಲಿಂದಲೇ ಕೇಳಿದಳು, "ಅತ್ತೆ, ಎಷ್ಟ್ ಜನಕ್ಕೆ ಹಾಕ್ಲಿ?"

ಒಲೆಯ ಮುಂದಿನಿಂದ ಆಯಿ ಹೇಳಿದಳು: "ಐದ್ ಜನಕ್ಕೆ."

ನಾನು ಮಂಚದ ಮೇಲೆ ಎದ್ದು ಕೂತೆ. ಫಾರ್ಮಿಗೆ ನಾಲ್ಕು ಎಂದದ್ದೂ ಅದೇ ಬಾಯಿ, ಅಕ್ಕಿಗೆ ಐದು ಎಂದದ್ದೂ ಅದೇ ಬಾಯಿ. ಎರಡರಲ್ಲೂ ಸುಳ್ಳಿರಲಿಲ್ಲ. ಮನೆ ಯಾರದು ಎಂದರೆ ಆಯಿ ಲೋಕಕ್ಕೆ ಹೆದರಿ ಎಣಿಸುತ್ತಿದ್ದಳು. ಉಣ್ಣುವವರು ಯಾರು ಎಂದರೆ ಹಸಿವಿಗೆ ಎಣಿಸುತ್ತಿದ್ದಳು. ನಮ್ಮ ಕಡೆ ಮನೆಯಲ್ಲಿ ಗಂಜಿ ಉಂಡವರನ್ನು ಉಂಡಿಲ್ಲ ಎಂದು ಯಾವ ಹೆಂಗಸೂ ಹೇಳಲಾರಳು. ಹಾಗೆ ಹೇಳಿದರೆ ಉಂಡವರಿಗಲ್ಲ, ಬಡಿಸಿದವಳಿಗೆ ಅವಮಾನ.

ಹೊಸ ಪ್ರಶ್ನೆ ಬರೆದೆ: ನಿನ್ನೆ ಈ ಮನೆಯಲ್ಲಿ ಗಂಜಿ ಉಂಡವರು ಯಾರ್ಯಾರು? ಅದರ ಕೆಳಗೆ, ಪ್ರತಿಯೊಬ್ಬರ ಹೆಸರಿನ ಮುಂದೆ: ಇವರು ಇಲ್ಲಿರಲು ತೊಡಗಿ ಎಷ್ಟು ಕಾಲವಾಯಿತು? ಕೊನೆಗೆ, ಅವರಿಗೆ ಏನು ತೊಂದರೆ. ಸಾಹೇಬರಿಗೆ ಇದು ಒಗ್ಗಲಿಲ್ಲ. ಅಡುಗೆಮನೆಯ ಪ್ರಶ್ನೆಯನ್ನು ಆರೋಗ್ಯದ ಫಾರ್ಮಿನ ತಲೆಯ ಮೇಲೆ ಕೂರಿಸಿದರೆ ಮೇಲಿನವರು ನಗುತ್ತಾರೆ ಎಂದರು. ನೀವು ಸ್ವಲ್ಪ ಭಾವುಕರಾಗುತ್ತಿದ್ದೀರಿ ಎಂದೂ ಹೇಳಿದರು. ಗಂಡಸರು ಯೋಚಿಸಿದರೆ ವಿಚಾರ, ನಾವು ಯೋಚಿಸಿದರೆ ಭಾವನೆ. ಕಾಗದ ಹೋಯಿತು, ಬಂತು, ಮತ್ತೆ ಹೋಯಿತು. ಒಪ್ಪಿಗೆ ಸಿಗಲು ಎಂಟು ತಿಂಗಳು ಬೇಕಾಯಿತು. ಅಷ್ಟೂ ದಿನ ನಾನು ಆ ಕೆಮ್ಮನ್ನು ಲೆಕ್ಕ ಹಾಕುತ್ತಲೇ ಇದ್ದೆ. ಬೇಕೆಂದರೆ ಬಸ್ಸು ಹತ್ತಿ ಹೋಗಬಹುದಿತ್ತು. ಹೋಗಿ ಏನು ಹೇಳಲಿ ಎಂದು ಹೋಗಲಿಲ್ಲ.

ಹೊಸ ಫಾರ್ಮನ್ನು ಮೊದಲು ಅವರ್ಸಾದಲ್ಲೇ ಪರೀಕ್ಷಿಸಬೇಕೆಂದು ಹಟ ಹಿಡಿದೆ. ಅದೇ ಜಗುಲಿ, ಅದೇ ಹೆಂಗಸು. ನಿನ್ನೆ ಗಂಜಿ ಉಂಡವರು ಯಾರ್ಯಾರು ಎಂದಾಗ ಅವಳು ಬೆರಳು ಮಡಚುತ್ತ ಸಲೀಸಾಗಿ ಹೇಳಿದಳು, "ನಾನು, ನಮ್ಮನೆಯವ್ರು, ಮಗ, ಸೊಸಿ, ಮಗಳು. ಅದ್ಕೆ ಉಂಬೂಕೇ ಆಗೂದಿಲ್ಲ ಈಗ, ಎರಡ್ ತುತ್ತು ಅಷ್ಟೇ." ಹೇಳಿ ಮುಗಿದ ಮೇಲೆ ಹೇಳಿದ್ದು ಏನೆಂದು ಅವಳಿಗೆ ಗೊತ್ತಾಯಿತು. ನಾನು ಬರೆಯುತ್ತಿದ್ದ ಕೈಯನ್ನೇ ನೋಡಿದಳು, ಬೇಡ ಎನ್ನಲಿಲ್ಲ. ಬಂದು ಎಷ್ಟು ಕಾಲವಾಯಿತು ಎಂದೆ. ಸೆರಗಿನಿಂದ ಬಾಯಿ ಒರೆಸಿಕೊಂಡು, ನಾಲ್ಕನೇ ವರ್ಷ ನಡೀತದೆ ಎಂದಳು.

ಮಗಳು ಹೊರಗೆ ಬಂದಳು. ನನಗಿಂತ ಚಿಕ್ಕವಳು, ಕುಪ್ಪಸದ ತೋಳಿನೊಳಗೆ ಕೈ ಕಡ್ಡಿಯಾಗಿತ್ತು. ಅಂಕೋಲೆಗೆ ಹೋಗುವುದೆಂದು ಆಯಿತು. ಕಫದ ಡಬ್ಬಿ ಹಿಡಿದು ನಾನೂ ಜೊತೆಗೆ ಹೋದೆ, ಈ ಸಲ ಯಾವ ನಿಯಮವನ್ನೂ ನೆನಪು ಮಾಡಿಕೊಳ್ಳಲಿಲ್ಲ. ಕ್ಷಯವೇ ಆಗಿತ್ತು. ಒಂದು ಕಡೆಯ ಶ್ವಾಸಕೋಶ ಬಹಳ ಕೆಟ್ಟಿದೆ, ಬದುಕುತ್ತಾಳೆ, ಆದರೆ ಮೊದಲಿನ ಉಸಿರು ಇನ್ನು ಬರುವುದಿಲ್ಲ ಎಂದರು ಡಾಕ್ಟರು. ವಾರಕ್ಕೆ ಮೂರು ದಿನ ಎದುರಿಗೇ ಕೂರಿಸಿ ನುಂಗಿಸುವ ಮಾತ್ರೆ. ಅವರ್ಸಾದ ಅಂಗನವಾಡಿಯಲ್ಲಿ ಸಿಗುವಂತೆ ಬರೆದುಕೊಟ್ಟರು. ವಿಳಾಸದ ಜಾಗದಲ್ಲಿ ತವರಿನ ವಿಳಾಸವೇ ಬಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಅವಳು ನನ್ನನ್ನು ಕೇಳಿದಳು, "ಅಕ್ಕೋರೆ, ಆವಾಗ ಒಂದ್ಸಲ ಬಂದಿದ್ರಲ್ಲ. ನಾ ಕೆಮ್ಮಿದ್ದು ನಿಮ್ಗೆ ಕೇಳ್ಲಿಲ್ವಾ?"

ಕೇಳಿತ್ತು ಎಂದೆ.

"ಕೇಳ್ಲಿ ಅಂತ್ಲೇ ಜೋರಾಗಿ ಕೆಮ್ಮಿದ್ದೆ" ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅವಳು ಬೈದಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆನೋ ಏನೋ. ನನಗೆ ಅಳು ಬಂತು, ಅವಳೆದುರೇ ಅತ್ತೆ. ಎಂಟು ತಿಂಗಳು ಪ್ರಶ್ನೆ ತಿದ್ದಿದೆನಲ್ಲ, ಆ ಹುಡುಗಿ ಯಾರೂ ಕೇಳದಿದ್ದರೂ ಮೊದಲೇ ಉತ್ತರ ಕೊಟ್ಟಿದ್ದಳು. ನಾನು ಆರು ವರ್ಷ ಉಗ್ರಾಣದಲ್ಲಿದ್ದು ಒಮ್ಮೆಯೂ ಕೆಮ್ಮಿರಲಿಲ್ಲ.

ಹೊಸ ಫಾರ್ಮು ಮಾರನೆಯ ವರ್ಷ ಕಾರವಾರ ಪೇಟೆಗೆ ಬಂತು. ಹಬ್ಬುವಾಡದ ಪಾಳಿ ಮತ್ತೆ ಸುಂಕಸಾಳದವಳದೇ. ಈಗ ಅವಳಿಗೆ ನಮ್ಮ ಮನೆ ಗೊತ್ತಿತ್ತು. ರವಿವಾರ ಬೆಳಿಗ್ಗೆ ಅವಳು ಬಂದಾಗ ಅಣ್ಣ, ವೈನಿ ಬಾಡದ ಕಡೆ ನೆಂಟರ ಮನೆಗೆ ಹೋಗಿದ್ದರು. ಆಯಿ ಮುಂದಿನ ಬಾಗಿಲಲ್ಲಿ ಕೂತಿದ್ದಳು. ಪಕ್ಕದ ಮನೆಯಾಕೆಯೂ ಬೇಲಿಯ ಹತ್ತಿರ ಬಂದು ನಿಂತಿದ್ದು ಅವಳ ಬಳೆಯ ಸದ್ದಿನಿಂದಲೇ ತಿಳಿಯಿತು. ನಾನು ನನ್ನ ಕೋಣೆಯಲ್ಲಿ ಬಾಗಿಲು ಅರೆ ಮುಚ್ಚಿಕೊಂಡು ಕೂತೆ. ನಾನು ಬರೆದ ಪ್ರಶ್ನೆಯನ್ನು ನಮ್ಮ ಮನೆಯ ಬಾಗಿಲಲ್ಲಿ ಕೇಳುವುದನ್ನು ಕೇಳಿಸಿಕೊಂಡು ಕೂರುವುದು ಎಷ್ಟು ಕಷ್ಟ ಎಂದು ಯಾವ ತರಬೇತಿಯಲ್ಲೂ ನಾನು ಹೇಳಿಕೊಟ್ಟಿರಲಿಲ್ಲ.

ಗಂಜಿ ಉಂಡವರ ಹೆಸರುಗಳನ್ನು ಆಯಿ ಹೇಳಿದಳು. ಮಗ, ಸೊಸೆ, ಮೊಮ್ಮಗ, ತಾನು. ಸ್ವಲ್ಪ ತಡೆದು, "ಮಗಳೂ ಉಂಡದೆ. ಬಂದದೆ ಅದು, ನಾಕ್ ದಿನ ಇರ್ತದೆ."

ಸುಂಕಸಾಳದವಳು ಸಣ್ಣ ದನಿಯಲ್ಲಿ ಮುಂದಿನ ಪ್ರಶ್ನೆ ಕೇಳಿದಳು. ಇವರು ಇಲ್ಲಿರಲು ತೊಡಗಿ ಎಷ್ಟು ಕಾಲವಾಯಿತು?

ಆಯಿ ಮಾತಾಡಲಿಲ್ಲ. ಬೇಲಿಯ ಹತ್ತಿರದ ಬಳೆ ಕೂಡ ಸುಮ್ಮನಾಯಿತು. ಆಯಿಯ ಬಾಯಿಂದ ಅದನ್ನು ಹೇಳಿಸಬಾರದು, ಏಳು ವರ್ಷ ಅವಳು ನನಗಾಗಿಯೇ ಆ ನಾಲ್ಕು ದಿನವನ್ನು ಕಾಯ್ದಿದ್ದಾಳೆ ಎಂದು ಆಗ ಹೊಳೆಯಿತು. ಅದನ್ನು ನಾನೇ ಮುಗಿಸಬೇಕಿತ್ತು. ಮುಗಿಸಿದರೆ ಗಂಡನ ಮನೆಗೆ ಹಿಂದಿರುಗುವ ಬಾಗಿಲು ಇನ್ನಿಲ್ಲ ಎಂಬುದೂ ಗೊತ್ತಿತ್ತು. ಬಾಗಿಲು ಪೂರ್ತಿ ತೆರೆದು ಹೊರಗೆ ಬಂದೆ.

"ಏಳು ವರ್ಷ" ಎಂದೆ. ಬೇಲಿಯವರೆಗೆ ಕೇಳುವಷ್ಟು ಜೋರಾಗಿಯೇ ಹೇಳಿದೆ.

ಅವಳು ಬರೆದುಕೊಂಡಳು. ಆಯಿ ನನ್ನ ಕಡೆ ತಿರುಗಲಿಲ್ಲ, ಪಕ್ಕಕ್ಕೆ ಸರಿದು ಹೊಸ್ತಿಲ ಮೇಲೆ ನನಗೆ ಕೂರಲು ಜಾಗ ಬಿಟ್ಟಳು. ನನಗೆ ಏನು ತೊಂದರೆ ಎಂಬ ಪ್ರಶ್ನೆಗೆ ನಾನೇ ಉತ್ತರ ಹೇಳಿದೆ, ಬೆನ್ನುನೋವು, ನಿದ್ದೆ ಇಲ್ಲ ಎಂದು. ನಿದ್ದೆ ಇಲ್ಲ ಎಂದಾಗ ಆಯಿ ಮೆಲ್ಲಗೆ ನನ್ನ ಮೊಣಕಾಲು ಮುಟ್ಟಿದಳು.

ಸುಂಕಸಾಳದವಳು ಚೀಲ ಹೆಗಲಿಗೆ ಹಾಕಿಕೊಂಡು ಹೋದ ಮೇಲೂ ಪಕ್ಕದ ಮನೆಯಾಕೆ ನಿಂತೇ ಇದ್ದಳು. ಕೊನೆಗೆ ಆಯಿಯನ್ನು ಕೇಳಿದಳು, "ಹಂಗಾರೆ ಮಗಳು ಯಾವಾಗ ಹೋಗೂದು?"

ಆಯಿ ಕೇಳಿದಳು, "ಎಲ್ಲಿಗೆ?"